ಸೊಸೆಯ ಅರ್ಜಿಗೆ ನನ್ನ ಬಲಗೈ

ಮನೆಯಲ್ಲಿ ಒಬ್ಬರ ಕೈ ಮುರಿಯಿತೆಂದರೆ, ಆ ಕೈಯ ಮೇಲೆ ಅವರಿಗಿದ್ದ ಹಕ್ಕು ಅಂದಿಗೆ ಮುಗಿಯಿತೆಂದೇ ತಿಳಿಯಬೇಕು. ಅದು ಹೆಂಡತಿಯ ಕೈ ಆಗುತ್ತದೆ, ಅಕ್ಕನ ಕೈ ಆಗುತ್ತದೆ, ಬೀಗರ ಕೈ ಆಗುತ್ತದೆ. ನೋಡಲು ಬಂದ ಓಣಿಯವರು ಅದನ್ನು ಎತ್ತಿ, ಇಳಿಸಿ, ದಿಂಬಿನ ಮೇಲೆ ತಮಗೆ ಸರಿ ಕಂಡಂತೆ ಇಟ್ಟು, ಇಂಥ ಊರಲ್ಲಿ ಎಲುಬು ಕಟ್ಟುವವರಿದ್ದರಲ್ಲ, ಅಲ್ಲಿಗೆ ಯಾಕೆ ಒಯ್ಯಲಿಲ್ಲ ಎಂದು ಹೆಂಡತಿಯನ್ನು ಕೇಳಿ ಹೋಗುತ್ತಾರೆ. ಕೈಯ ಮೂಲ ಮಾಲೀಕ ಅದರ ಹಿಂದೆ, ಅದನ್ನು ನಿಲ್ಲಿಸಲು ತಂದ ಸ್ಟ್ಯಾಂಡಿನಂತೆ ಕೂತಿರುತ್ತಾನೆ. ಈ ವಿಷಯ ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು. ತಡವಾಗಿ ತಿಳಿಯಿತೆಂದು ಬೇಸರವಿಲ್ಲ. ಇನ್ನೂ ತಡವಾಗಿದ್ದರೂ ನಡೆಯುತ್ತಿತ್ತು.

ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ಸಾಕ್ಷಿದಾರರ ಮಾತು ಕೇಳುತ್ತ ಕೇಳುತ್ತ ನನಗೊಂದು ಚಟ ಅಂಟಿದೆ. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಕಾಣದ್ದನ್ನು ಸೇರಿಸಬಾರದು, ಒಂದು ಸಂಗತಿಯ ಹಿಂದೆ ಮತ್ತೊಂದು ಸಾಲಾಗಿ ಬರಬೇಕು. ಇದರಿಂದ ನನ್ನ ಹೆಂಡತಿ ಮಹಾದೇವಿಗೆ ಬಹಳ ತೊಂದರೆ. ಸಂತೆಯಲ್ಲಿ ಬದನೆಕಾಯಿ ಹೇಗಿದ್ದವು ಎಂದು ಅವಳು ಕೇಳಿದರೆ ನಾನು ನಮ್ಮ ಮನೆಯ ಹೊಸ್ತಿಲು ದಾಟಿದಲ್ಲಿಂದ ಶುರು ಮಾಡುತ್ತೇನೆ. ಆದ್ದರಿಂದ ಕೈ ಮುರಿದದ್ದನ್ನೂ ಹಾಗೆಯೇ ಹೇಳಬೇಕು. ಕಬ್ಬು ನುರಿಸುವ ಕಾಲ. ಒಂದು ಮದುವೆಯ ಆಹೇರಿಗೆಂದು, ಉಡುಗೊರೆ ಕೊಡಲು, ಬನಹಟ್ಟಿಯಲ್ಲಿ ಸೀರೆ ಕೊಂಡು, ಸ್ಕೂಟರಿನ ಮೇಲೆ ಜಮಖಂಡಿಯ ನಮ್ಮ ಮನೆಗೆ ಹೊರಟಿದ್ದೆ. ನನ್ನ ಮುಂದೆ ಎರಡು ಟ್ರೇಲರ್ ಎಳೆಯುತ್ತ ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ಅದರ ಹಾಡಿನ ಅಬ್ಬರಕ್ಕೆ ನನ್ನ ಸ್ಕೂಟರಿನ ಕನ್ನಡಿ ನಡುಗುತ್ತಿತ್ತು. ಹಿಂದಿನ ಟ್ರೇಲರಿನಿಂದ ಒಂದು ಕಬ್ಬಿನ ಗಳ ಜಾರಿ ರಸ್ತೆಗೆ ಅಡ್ಡಲಾಗಿ ಬಿತ್ತು. ನಾನು ಅದನ್ನು ಸ್ಪಷ್ಟವಾಗಿ ನೋಡಿದೆ. ನೋಡಿ, ಬ್ರೇಕು ಹಿಡಿಯಬೇಕೆಂದು ತೀರ್ಮಾನಿಸಿದೆ. ತೀರ್ಮಾನ ಕೈಗೆ ತಲುಪುವಷ್ಟರಲ್ಲಿ ಗಾಲಿ ಗಳದ ಮೇಲೆ ಹತ್ತಿ ಉರುಳಿತು, ನಾನು ಬಲಗೈ ಊರಿ ಬಿದ್ದೆ. ಟ್ರ್ಯಾಕ್ಟರಿನವನಿಗೆ ಏನೂ ತಿಳಿಯಲಿಲ್ಲ. ಹಾಡು ದೂರ ಹೋಗುತ್ತ ಸಣ್ಣದಾಯಿತು. ಸೀರೆಗೆ ಒಂದು ಕಲೆಯೂ ಆಗಿರಲಿಲ್ಲವೆಂದು ಮಹಾದೇವಿ ಇಂದಿಗೂ ದೇವರಿಗೆ ಕೈ ಮುಗಿಯುತ್ತಾಳೆ. ನನಗೆ ಮಾತ್ರ ಬಹಳ ದಿನ, ಓಣಿಯ ತುದಿಯಲ್ಲಿ ಅಂಥ ಹಾಡು ಕೇಳಿದರೆ ಸಾಕು, ನಿಂತಲ್ಲೇ ನಿಂತು ಗೋಡೆ ಹಿಡಿಯುವಂತಾಗುತ್ತಿತ್ತು.

ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ನಮ್ಮ ಕಡೆ ರೋಗಿಯನ್ನು ಮಾತಾಡಿಸಲು ಬರುವವರು ಬ್ರೆಡ್ ತರುತ್ತಾರೆ. ಯಾಕೆ ಬ್ರೆಡ್ಡೇ ಎಂದು ಯಾರೂ ವಿಚಾರ ಮಾಡಿಲ್ಲ. ಆರೋಗ್ಯವಂತರ ಮನೆಗೆ ಬ್ರೆಡ್ ಒಯ್ದರೆ ಅಪಶಕುನ, ಕೈಕಾಲು ಮುರಿದವರ ಮನೆಗೆ ಒಯ್ಯದಿದ್ದರೆ ಅಪಮಾನ. ಬ್ರೆಡ್ಡು ಒಂದು ಕಡೆ ಗೋಪುರದಂತೆ ಬೆಳೆಯಿತು. ನನಗೆ ಬೇಕಾಗಿದ್ದದ್ದು ಜೋಳದ ರೊಟ್ಟಿ. ರೊಟ್ಟಿ ಮುರಿಯುವುದು ಬಲಗೈ ಕೆಲಸ. ಎಡಗೈಯಿಂದ ಉಣ್ಣುವುದನ್ನು ನಮ್ಮ ಮನೆಯಲ್ಲಿ ಯಾರೂ ಮಾಡಿಲ್ಲ, ನಾನು ಮೊದಲಿಗನಾಗಲು ಸಿದ್ಧನಿರಲಿಲ್ಲ. ಚಮಚ ಕೊಟ್ಟರು. ರೊಟ್ಟಿಯನ್ನು ಚಮಚದಿಂದ ತಿನ್ನಲು ಹೋದವನಿಗೆ ಮಾತ್ರ ಅದರ ಕಷ್ಟ ಗೊತ್ತು. ಕೊನೆಗೆ ಮಹಾದೇವಿ ರೊಟ್ಟಿಯನ್ನು ಚೂರು ಮಾಡಿ, ಹಾಲಿನಲ್ಲಿ ನೆನೆಸಿ, ಕಲಸಿ, ತುತ್ತು ಮಾಡಿ ಬಾಯಿಗೆ ಇಡತೊಡಗಿದಳು. ಬಹಳ ಪ್ರೀತಿಯಿಂದ ಇಡುತ್ತಿದ್ದಳು, ಆದರೆ ಟಿವಿ ನೋಡುತ್ತ ಇಡುತ್ತಿದ್ದಳು. ಧಾರಾವಾಹಿಯಲ್ಲಿ ಯಾರಾದರೂ ಅತ್ತರೆ ತುತ್ತು ಗಾಳಿಯಲ್ಲೇ ನಿಲ್ಲುತ್ತಿತ್ತು. ನಾನು ಬಾಯಿ ತೆರೆದು, ಆ ಅಳು ಮುಗಿಯುವವರೆಗೂ ಕಾಯುತ್ತಿದ್ದೆ.

ಇನ್ನು ನಮ್ಮ ಸೊಸೆ ಅಕ್ಷತಾಳ ವಿಷಯ. ಬೀಳಗಿಯ ಹುಡುಗಿ. ಆಕ್ಯುಪೇಶನಲ್ ಥೆರಪಿಯಲ್ಲಿ ಪದವಿ ಮಾಡಿ, ಮುಧೋಳದ ಒಂದು ಖಾಸಗಿ ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಸುಲಭವಾಗಿ ಬರಲಿಲ್ಲ. ಅರ್ಥವಂತೂ ಇನ್ನೂ ದೂರ. ಮದುವೆಗೆ ಮುಂಚೆ ನಾನೇ ಅವಳನ್ನು ಕೇಳಿದ್ದೆ. ಲಕ್ವ ಹೊಡೆದವರು, ಕೈಕಾಲು ಪೆಟ್ಟಾದವರು, ಬೆಳವಣಿಗೆ ಕಡಿಮೆಯಾದ ಮಕ್ಕಳು, ಇವರು ದಿನದ ಕೆಲಸ ತಾವೇ ಮಾಡಿಕೊಳ್ಳುವಂತೆ ಮಾಡುವುದು ಎಂದಿದ್ದಳು. ಮೈ ತೊಳೆಯುವುದು, ಬಟ್ಟೆ ಹಾಕುವುದು, ಉಣ್ಣುವುದು. ಅದನ್ನು ಕೇಳಿದ ನಮ್ಮ ಅಕ್ಕ ಗಂಗಕ್ಕ, ಇಷ್ಟು ವರ್ಷ ಓದಿ ಮಂದಿಗೆ ಅಂಗಿಯ ಗುಂಡಿ ಹಾಕಲು ಕಲಿಸುತ್ತಾಳೇನು ಎಂದು ನಕ್ಕಿದ್ದಳು. ಅಕ್ಷತಾ ಸಿಟ್ಟಾಗಲಿಲ್ಲ. ಹೌದು, ಅದನ್ನೇ, ಎಂದಳು.

ಅವಳಿಗೆ ಸ್ನಾತಕೋತ್ತರ ಓದಬೇಕೆಂದು ಆಸೆ. ಮಕ್ಕಳ ವಿಭಾಗದಲ್ಲಿ ಹೆಚ್ಚು ಕಲಿತು ಬಂದು ನಮ್ಮ ಕಡೆಯೇ ಒಂದು ಕೇಂದ್ರ ಶುರು ಮಾಡಬೇಕು; ಈಗ ಅಂಥ ಮಕ್ಕಳನ್ನು ತಾಯಂದಿರು ಸೊಂಟದ ಮೇಲೆ ಎತ್ತಿಕೊಂಡು ಎಲ್ಲೆಲ್ಲಿಗೋ ಅಲೆಯುತ್ತಾರೆ. ಕರಾವಳಿಯ ಕಡೆ ಒಂದು ಕಾಲೇಜು, ಇದ್ದ ಸೀಟುಗಳು ಬೆರಳೆಣಿಕೆ. ಹೋದ ವರ್ಷ ಮದುವೆಯ ಗಡಿಬಿಡಿಯಲ್ಲಿ ಅರ್ಜಿಯ ದಿನ ದಾಟಿ ಹೋಗಿತ್ತು. ಈ ವರ್ಷ ಬಿಡುವುದಿಲ್ಲ ಎಂದು ನಮ್ಮ ಮಗ ಬಸವರಾಜನೇ ಗಟ್ಟಿಯಾಗಿ ನಿಂತಿದ್ದ. ಅರ್ಜಿಯ ಜೊತೆ ಈ ಓದು ಯಾಕೆ ಬೇಕೆಂದು ಒಂದು ಪುಟ ಬರೆದು ಕಳಿಸಬೇಕಿತ್ತು. ಅವಳು ಬರೆದದ್ದನ್ನು ನನಗೆ ತೋರಿಸಿ, ತಪ್ಪಿದ್ದರೆ ಹೇಳಿ ಎಂದಳು. ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟು ನಾನು ಬಾಯಲ್ಲಿ ಹೇಳಿದೆ, ಮಗ ತಿದ್ದಿದ. ಕೋರ್ಟಿನ ಭಾಷೆ ಅಷ್ಟು ಬೇಗ ಮನುಷ್ಯನನ್ನು ಬಿಡುವುದಿಲ್ಲ. ಸದರಿ ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ, ಎಂದು ಅದು ಶುರುವಾಗಿ, ಸಂದರ್ಭ ಸನ್ನಿವೇಶಗಳನ್ನು ಪರಾಂಬರಿಸಿ ನ್ಯಾಯ ದೊರಕಿಸಬೇಕಾಗಿ ಪ್ರಾರ್ಥನೆ, ಎಂದು ಮುಗಿಯಿತು. ಅಕ್ಷತಾ ಪೂರ್ತಿ ಓದಿದಳು.

"ಮಾವಾರ, ಛಲೋ ಆಗೇತ್ರಿ. ಆದ್ರ ಇದನ್ನ ಓದಿದ್ರ ಅವರು ಸೀಟ ಕೊಡಂಗಿಲ್ರಿ, ಜಾಮೀನ ಕೊಡ್ತಾರ."

ಅವಳು ತನ್ನ ಪುಟವನ್ನೇ ಕಳಿಸಿದಳು. ಸರಿಯಾದದ್ದನ್ನೇ ಮಾಡಿದಳು.

ತೊಂದರೆ ಇದ್ದದ್ದು ಇನ್ನೊಂದು ಕಡೆ. ಒಬ್ಬ ವ್ಯಕ್ತಿ ತನ್ನ ಮನೆಯಲ್ಲಿ, ತಾನು ಕಳೆದುಕೊಂಡಿದ್ದ ಒಂದು ದಿನದ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ಮಾಡುವ ವಿಡಿಯೋ ಕೂಡ ಅರ್ಜಿಯ ಜೊತೆ ಬೇಕಿತ್ತು. ನಡುವೆ ನಿಲ್ಲಿಸಬಾರದು, ಕತ್ತರಿಸಿ ಜೋಡಿಸಬಾರದು. ಇದಕ್ಕಾಗಿ ಅಕ್ಷತಾ ಕೈಗೆ ಪೆಟ್ಟಾಗಿದ್ದ ರಬಕವಿಯ ಒಬ್ಬ ನೇಕಾರರನ್ನು ಒಪ್ಪಿಸಿ ಇಟ್ಟಿದ್ದಳು. ಅಷ್ಟರಲ್ಲಿ ನಾನು ಬಿದ್ದೆ. ನನ್ನ ಆಸ್ಪತ್ರೆಯ ಓಡಾಟಕ್ಕೆಂದು ಅವಳು ರಜೆ ಹಾಕಿದಳು. ಮತ್ತೆ ರಬಕವಿಗೆ ಹೋಗಿ ನೋಡಿದರೆ ಆ ನೇಕಾರರು ಪೂರ್ತಿ ಗುಣವಾಗಿ ಮಗ್ಗಕ್ಕೆ ಕೂತುಬಿಟ್ಟಿದ್ದಾರೆ. ಅವಳು ಅವರ ಮನೆಯಲ್ಲಿ ಚಹಾ ಕುಡಿದು, ಸಂತೋಷವಾಯಿತೆಂದು ಹೇಳಿ, ಸಪ್ಪೆ ಮುಖ ಮಾಡಿಕೊಂಡು ಬಂದಳು. ಗುಣವಾದ ರೋಗಿಯನ್ನು ನೋಡಿ ಅಷ್ಟು ಸಪ್ಪಗಾದ ವೈದ್ಯಕೀಯ ಸಿಬ್ಬಂದಿಯನ್ನು ನಾನು ಕಂಡಿರಲಿಲ್ಲ. ಹೊಸಬರನ್ನು ಹುಡುಕಲು ದಿನ ಉಳಿದಿರಲಿಲ್ಲ. ನನ್ನ ಪ್ಲಾಸ್ಟರ್ ಬಿಚ್ಚಿದ್ದರು. ಮಣಿಕಟ್ಟು ಒಣಗಿದ ಕಟ್ಟಿಗೆಯಂತೆ ಬಿಗಿದುಕೊಂಡಿತ್ತು, ಬೆರಳುಗಳು ಊದಿದ್ದವು. ಕೆಲಸ ಕೆಡಿಸಿದವನು ನಾನು, ತುಂಬಿಕೊಡಬೇಕಾದವನೂ ನಾನೇ. ಅವಳು ಎದುರು ಕೂತು ಕೇಳಿದಳು.

"ಮಾವಾರ, ಯಾವ ಕೆಲಸ ನಿಮ್ಮ ಕೈಲೇನ ಆಗಬೇಕು ಅನಸ್ತೈತ್ರಿ?"

ಬಹಳ ಹೊತ್ತು ವಿಚಾರ ಮಾಡಿ, ರೊಟ್ಟಿ ಮುರಿದು ತಿನ್ನುವುದು ಎಂದೆ. ಧಾರಾವಾಹಿಯ ಅಳುವಿಗೆ ಕಾಯುವುದು ಸಾಕಾಗಿತ್ತು.

ಆಮೇಲೆ ಅವಳು ರೊಟ್ಟಿ ಮುರಿಯುವುದನ್ನು ನನಗೆ ಬಿಡಿಸಿ ಹೇಳಿದಳು. ಇಷ್ಟು ವರ್ಷ ರೊಟ್ಟಿ ತಿಂದಿದ್ದೇನೆ, ಒಂದು ತುತ್ತಿನ ಹಿಂದೆ ಇಷ್ಟು ವ್ಯವಹಾರವಿದೆಯೆಂದು ನನಗೆ ಗೊತ್ತಿರಲಿಲ್ಲ. ಕಿರುಬೆರಳು, ಉಂಗುರಬೆರಳು ರೊಟ್ಟಿಯನ್ನು ತಾಟಿಗೆ ಒತ್ತಿ ಹಿಡಿಯಬೇಕು. ಹೆಬ್ಬೆರಳು, ತೋರುಬೆರಳು ಅಂಚನ್ನು ಚಿವುಟಬೇಕು. ಮಣಿಕಟ್ಟು ಸ್ವಲ್ಪ ತಿರುಗಬೇಕು. ಹರಿದ ಚೂರನ್ನು ಮಡಚಿ ಪಲ್ಯವನ್ನು ಎತ್ತಬೇಕು, ಬಾಯಿಯವರೆಗೆ ಬೀಳಿಸದೆ ಒಯ್ಯಬೇಕು. ಒಂದು ಕೈ ಇಷ್ಟೆಲ್ಲ ಮಾಡುತ್ತಿದ್ದಾಗ ನಾನು ಎದುರಿನವರ ಜೊತೆ ಪಂಚಾಯಿತಿ ಚುನಾವಣೆ ಮಾತಾಡುತ್ತಿದ್ದೆ. ಮಹಾದೇವಿ ಒಂದು ಉಪಾಯ ಹೇಳಿದಳು. ಖಡಕ್ ರೊಟ್ಟಿ ಮಾಡಿಕೊಡುತ್ತೇನೆ, ಗುದ್ದಿದರೆ ಪುಡಿಯಾಗುತ್ತದೆ, ವಿಡಿಯೋದಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದಳು. ಅಕ್ಷತಾ ಒಪ್ಪಲಿಲ್ಲ. ಮಾವ ತಿನ್ನುವುದು ಮೆತ್ತನೆಯ ಬಿಸಿ ರೊಟ್ಟಿ, ಅದೇ ಆಗಬೇಕು ಎಂದಳು.

ಬೆರಳಿಗೆ ಬಲ ಬರಲು ಆಸ್ಪತ್ರೆಯಲ್ಲಿ ಮೇಣದಂಥ ಒಂದು ಉಂಡೆ ಕೊಡುತ್ತಾರಂತೆ, ಹಿಸುಕಲು. ಅದರ ಬದಲು ಅಕ್ಷತಾ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಜೋಳದ ಹಿಟ್ಟು ನಾದಲು ಹಚ್ಚಿದಳು. ಬಿಸಿನೀರಿನ ಹಿಟ್ಟಿನ ಕಾವು ಮಣಿಕಟ್ಟಿಗೆ ಹಿತವಾಗಿರುತ್ತಿತ್ತು. ಮೊದಮೊದಲು ನಾನು ಹಿಟ್ಟನ್ನು ನಾದುತ್ತಿದ್ದೇನೋ ಹಿಟ್ಟು ನನ್ನನ್ನು ನಾದುತ್ತಿತ್ತೋ ಹೇಳುವುದು ಕಷ್ಟವಿತ್ತು. ಆಮೇಲೆ ರೊಟ್ಟಿ ಬಡಿಯುವುದಕ್ಕೂ ಬಡ್ತಿ ಸಿಕ್ಕಿತು. ನಮ್ಮ ಕಡೆ ಮುಂಜಾನೆ ಪ್ರತಿ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ, ಸದ್ದಿನ ಮೇಲೆಯೇ ಯಾರ ಮನೆಯಲ್ಲಿ ಯಾರು ಒಲೆ ಮುಂದೆ ಕೂತಿದ್ದಾರೆಂದು ಹೆಂಗಸರು ಹೇಳುತ್ತಾರೆ. ಮಹಾದೇವಿಯದು ಕುದುರೆ ಓಡಿದ ಹಾಗೆ. ನನ್ನದು ಕುಂಟ ಎತ್ತು ನಿಂತು ನಿಂತು ನಡೆದ ಹಾಗೆ. ಪಕ್ಕದ ಮನೆಯ ಸಿದ್ದವ್ವ ಗೋಡೆಯ ಆಚೆಯಿಂದ ಕೇಳಿಸಿಕೊಂಡು, ಮಹಾದೇವಿಗೆ ಜ್ವರ ಬಂದಿದೆ ಎಂದು ತಿಳಿದು ನೋಡಲು ಬಂದಳು. ಕೈಯಲ್ಲಿ ಬ್ರೆಡ್ ಇತ್ತು. ಬಂದವಳು ಕಂಡದ್ದು, ಅತ್ತೆ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದಾಳೆ, ಸೊಸೆ ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದಾಳೆ, ಕೈ ಮುರಿದ ಮಾವ ಬೆವರು ಒರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಾನೆ. ಸಿದ್ದವ್ವ ಏನೂ ಕೇಳಲಿಲ್ಲ. ಕೇಳದೆ ಹೋದದ್ದೇ ಕೆಟ್ಟದ್ದಾಯಿತು.

ಆ ಸುದ್ದಿ ಮುಧೋಳದಲ್ಲಿರುವ ಗಂಗಕ್ಕನಿಗೆ ಹೇಗೆ ತಲುಪಿತು, ನಾನು ಕಂಡಿಲ್ಲ, ಆದ್ದರಿಂದ ಹೇಳುವುದಿಲ್ಲ. ಬೀಳಗಿಗೆ ತಲುಪಿದ್ದು ಮಾತ್ರ ಗೊತ್ತು, ಯಾಕೆಂದರೆ ಅಕ್ಷತಾಳ ತಂದೆಯ ಫೋನು ನನಗೇ ಬಂತು. ಬೀಗರು ಬಹಳ ಮರ್ಯಾದೆಯ ಮನುಷ್ಯರು. ಹುಡುಗಿಗೆ ತಿಳಿಯುವುದಿಲ್ಲ, ತಪ್ಪು ಮಾಡಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ, ಓದೂ ಬೇಡ ಏನೂ ಬೇಡ, ಬುದ್ಧಿ ಹೇಳಿ ಮನೆಯಲ್ಲಿ ಕೂರಿಸುತ್ತೇವೆ ಎಂದು ಮೇಲಿಂದ ಮೇಲೆ ಹೇಳಿದರು. ನಾನು ಸಂಗತಿಯನ್ನು ಮೊದಲಿನಿಂದ ವಿವರಿಸಿದೆ. ಯಾರೂ ನನ್ನನ್ನು ಒತ್ತಾಯ ಮಾಡಿಲ್ಲ, ಸ್ವಸಂತೋಷದಿಂದ ಹಿಟ್ಟು ನಾದುತ್ತಿದ್ದೇನೆ, ಯಾರ ಹೆದರಿಕೆಯೂ ನನಗಿಲ್ಲ ಎಂದೆ. ಅವರು ದನಿ ಇಳಿಸಿ, ಆಯಿತು ಎಂದು ಫೋನು ಇಟ್ಟರು. ತಮ್ಮ ಮಗಳು ನನ್ನನ್ನು ಅಷ್ಟು ಹೆದರಿಸಿ ಇಟ್ಟಿದ್ದಾಳೆಯೇ ಎಂದು ಅವರು ತಿಳಿದುಕೊಂಡರೆಂದು ನನಗೆ ಆಮೇಲೆ ಹೊಳೆಯಿತು. ಹೇಳಿಕೆ ಎಷ್ಟು ಸ್ಪಷ್ಟವಾಗಿದ್ದರೆ ಅಷ್ಟು ಸಂಶಯ ಬರುತ್ತದೆ; ಇದು ನನಗೆ ಗೊತ್ತಿರಬೇಕಾದ ಮಾತು. ಆ ಸಂಜೆ ಅಕ್ಷತಾ ತಂದೆಯ ಜೊತೆ ಬಹಳ ಹೊತ್ತು ಮಾತಾಡಿದಳು. ಮರುದಿನ ಕಣ್ಣು ಕೆಂಪಗಿದ್ದವು. ಆದರೂ ಹಿಟ್ಟು ನಾದುವ ಪರಾತ ತಂದು ನನ್ನ ಮುಂದಿಟ್ಟಳು.

ವಿಡಿಯೋ ತೆಗೆಯಲು ಶುರು ಮಾಡಿದೆವು. ಮೊದಲ ದಿನ ಎಲ್ಲ ಸರಿಯಾಗಿ ಬಂತು ಎಂದುಕೊಂಡೆವು. ತಿರುಗಿಸಿ ನೋಡಿದರೆ, ನಾನು ಮೂರನೆಯ ತುತ್ತಿಗೆ ತಿಣುಕುತ್ತಿರುವಾಗ ಎಡಗಡೆಯಿಂದ ಹಸಿರು ಬಳೆಯ ಕೈಯೊಂದು ಬಂದು, ರೊಟ್ಟಿಯ ಅಂಚನ್ನು ಮೆಲ್ಲಗೆ ಹಿಡಿದು, ಮುರಿದು, ಮಾಯವಾಗಿತ್ತು. ಮಹಾದೇವಿಯನ್ನು ಕೇಳಿದರೆ, ನಾನು ಅಲ್ಲಿ ಇರಲೇ ಇಲ್ಲ ಎಂದಳು. ತೋರಿಸಿದರೆ, ಆ ಕೈ ತನ್ನದೇ, ಆದರೆ ತಾನು ಕಳಿಸಿರಲಿಲ್ಲ ಎಂದಳು. ನಾನು ನಂಬಿದೆ. ಇಷ್ಟು ವರ್ಷದ ಸಂಸಾರದಲ್ಲಿ ಕೈಗೆ ತನ್ನದೇ ಬುದ್ಧಿ ಬಂದಿರುತ್ತದೆ. ಎರಡನೆಯ ಸಲ ಅವಳನ್ನು ದೂರ ಕೂರಿಸಿದೆವು. ನಾನು ತಿಣುಕಿದಾಗಲೆಲ್ಲ ಅಯ್ಯ ಶಿವನೇ ಎಂಬ ದನಿ ಕೇಳುತ್ತಿತ್ತು. ಮೂರನೆಯ ಸಲ ಅವಳನ್ನು ಸಿದ್ದವ್ವನ ಮನೆಗೆ ಕಳಿಸಿದೆವು. ಮರುದಿನ ಅರ್ಜಿಗೆ ಕಡೆಯ ದಿನ.

ಅಂದು ಬೆರಳು ಮಾತು ಕೇಳುತ್ತಿದ್ದವು. ಅಕ್ಷತಾ ಎದುರು ಕೂತು ಫೋನು ಹಿಡಿದಿದ್ದಳು. ಎರಡು ತುತ್ತು ನಾನೇ ಮುರಿದು ತಿಂದೆ. ಮೂರನೆಯದಕ್ಕೆ ಮಣಿಕಟ್ಟು ಹಿಡಿದುಕೊಂಡಿತು, ಮತ್ತೆ ಪ್ರಯತ್ನಿಸುತ್ತಿದ್ದೆ. ಆಗ ಬಾಗಿಲಲ್ಲಿ ಗಂಗಕ್ಕ ನಿಂತಿದ್ದಳು. ಮುಧೋಳದ ಬಸ್ಸಿನಿಂದ ಇಳಿದು ನೇರ ಬಂದಿದ್ದಳು, ಒಂದು ಕೈಯಲ್ಲಿ ನನ್ನ ಮಣಿಕಟ್ಟಿಗೆ ತಿಕ್ಕಲು ತಂದ ಎಣ್ಣೆಯ ಬಾಟಲಿ. ನಮ್ಮ ತಾಯಿ ಬೇಗ ಹೋದಳು. ನನ್ನನ್ನು ಎತ್ತಿ ಉಣಿಸಿ ದೊಡ್ಡವನನ್ನಾಗಿ ಮಾಡಿದವಳು ಗಂಗಕ್ಕ. ಅವಳು ನಿಂತು ಒಂದು ಗಳಿಗೆ ನೋಡಿದಳು.

"ಏನಬೇ ಇದು? ನನ್ನ ತಮ್ಮ ಒಂದ ತುತ್ತಿಗೆ ಒದ್ದಾಡಾಕತ್ತಾನ, ನೀ ಕುಂತ ಫೋಟೋ ತಗ್ಯಾಕತ್ತಿ?"

ಅಕ್ಷತಾ ಫೋನು ಇಳಿಸುವಂತಿಲ್ಲ, ನಿಲ್ಲಿಸಿದರೆ ಎಲ್ಲ ಹಾಳು. ಬರ್ರಿ, ಕುಂದರ್ರಿ ಎಂದಷ್ಟೇ ಹೇಳಿದಳು. ಗಂಗಕ್ಕ ಕೂತಳು, ಆದರೆ ಕೈ ತೊಳೆದು ಬಂದು ನನ್ನ ತಾಟಿನ ಪಕ್ಕದಲ್ಲೇ ಕೂತಳು. ನನ್ನ ಮುಂದಿದ್ದ ರೊಟ್ಟಿಯನ್ನು ಒಂದೇ ಎಳೆತಕ್ಕೆ ಹರಿದು, ಬದನೆಕಾಯಿ ಪಲ್ಯ ತುಂಬಿ, ಬಾಯಿ ತಗಿ ಎಂದಳು. ನಾನು ತೆಗೆದೆ. ಯಾಕೆ ತೆಗೆದೆ ಎಂದು ಯಾವ ವಕೀಲರು ಕೇಳಿದರೂ ನನ್ನದು ಒಂದೇ ಹೇಳಿಕೆ. ಗಂಗಕ್ಕ ಹೇಳಿದರೆ ನನ್ನ ಬಾಯಿ ತೆರೆಯುತ್ತದೆ, ಅಷ್ಟೇ. ತುತ್ತು ಜಗಿಯುತ್ತ ನಾನು ಅಕ್ಷತಾಳ ಕಡೆ ನೋಡಿದೆ. ಅವಳು ಎರಡೂ ಕೈಯಿಂದ ಫೋನು ಹಿಡಿದು ನನ್ನ ತಾಟನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಎರಡನೆಯ ತುತ್ತು ಬಂತು.

"ಅಕ್ಕಾ, ಇಡು. ನಾ ಮುರಕೊಂತೇನಿ."

"ನಿನ್ನ ಕೈಲೆ ಆಗಂಗಿಲ್ಲೋ ಯಪ್ಪಾ."

"ಆಗತೈತೋ ಇಲ್ಲೋ ನೋಡಬೇಕಂದ್ರ, ನೀ ನಿನ್ನ ಕೈ ಹಿಂದಕ್ ತಗೋಬೇಕವಾ."

ನಾನು ಅಕ್ಕನಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವಳ ಕೈ ಗಾಳಿಯಲ್ಲಿ ನಿಂತಿತು, ಎತ್ತ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ. ನಾನು ಕಿರುಬೆರಳು ಊರಿದೆ, ಅಂಚು ಚಿವುಟಿದೆ, ಮಣಿಕಟ್ಟು ತಿರುಗಿಸಿದೆ. ನೋವಾಯಿತು. ರೊಟ್ಟಿ ಹರಿಯಿತು. ಪಲ್ಯ ಅರ್ಧ ತಾಟಿನಲ್ಲಿ, ಅರ್ಧ ಅಂಗಿಯ ಮೇಲೆ, ಉಳಿದದ್ದು ಬಾಯಿಗೆ. ಮತ್ತೊಂದು ಮುರಿದೆ. ಗಂಗಕ್ಕ ಕೈಯಲ್ಲಿದ್ದ ತುತ್ತನ್ನು ಮೆಲ್ಲಗೆ ತಾನೇ ಬಾಯಿಗೆ ಹಾಕಿಕೊಂಡಳು. ಜಗಿದು ನುಂಗಿ, ಕಣ್ಣು ಒರೆಸಿಕೊಂಡು, "ಸಣ್ಣದ ಮುರಿಯೋ, ಅಷ್ಟ್ ದೊಡ್ಡದ್ ಯಾಕ" ಎಂದಳು. ನಾನು ರೊಟ್ಟಿ ಪೂರ್ತಿ ತಿಂದು ಮುಗಿಸಿದೆ.

ಹೀಗೆ ನಮ್ಮ ಕೈಗೆ ಬಂದ ವಿಡಿಯೋದಲ್ಲಿ ಸಹಾಯವೂ ಇತ್ತು, ಗಲಾಟೆಯೂ ಇತ್ತು. ಮರುದಿನ ಇನ್ನೊಮ್ಮೆ ತೆಗೆಯೋಣವೆಂದರೆ ನನ್ನ ಮಣಿಕಟ್ಟು ಊದಿಕೊಂಡು ಕೂತಿತು. ನಡುವಿನ ಭಾಗ ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಬಸವರಾಜ ಹೇಳಿದ. ಅಕ್ಷತಾ ನನ್ನ ಮುಖ ನೋಡಿದಳು. ಸಾಕ್ಷಿಯನ್ನು ತಿದ್ದಬಾರದು ಎಂದು ನಾನು ಬಹಳ ಗಂಭೀರವಾಗಿ ಹೇಳಿದೆ. ಅವಳೂ ಅದನ್ನೇ ಅಂದುಕೊಂಡಿದ್ದಳು, ಹಾಗೇ ಕಳಿಸಿದಳು. ಕಳಿಸಿದ ಮೇಲೆ ನನ್ನ ಗಂಭೀರತೆ ಇಳಿಯಿತು. ಅವಳ ಸೀಟು ಹೋದರೆ ಅದಕ್ಕೆ ಮೊದಲ ಕಾರಣ ಕಬ್ಬಿನ ಗಳ, ಎರಡನೆಯದು ನನ್ನ ತೆರೆದ ಬಾಯಿ, ಮೂರನೆಯದು ನನ್ನ ಪ್ರಾಮಾಣಿಕತೆ. ಮೂರರಲ್ಲಿ ಎರಡು ನನ್ನವೇ. ನಿದ್ದೆ ಸರಿಯಾಗಿ ಬರಲಿಲ್ಲ, ಊಟ ಸೇರಲಿಲ್ಲ. ಊಟ ಸೇರದಿದ್ದದ್ದಕ್ಕೆ ಮಹಾದೇವಿ ತುತ್ತು ಮಾಡಿ ಇಡಲೇ ಎಂದು ಆಸೆಯಿಂದ ಕೇಳಿದಳು.

ಸಂದರ್ಶನಕ್ಕೆ ಕರೆ ಬಂತು, ಫೋನಿನಲ್ಲೇ ಮುಖ ನೋಡಿ ಮಾತಾಡುವುದು. ಅಕ್ಷತಾ ಹಿಟ್ಟಿನ ಡಬ್ಬಿಗೆ ಫೋನು ಆನಿಸಿ ಕೂತಳು. ನಾನು, ಮಹಾದೇವಿ ಅಡುಗೆಮನೆಯಲ್ಲಿ. ಕುಕ್ಕರ್ ಕೂಗಬಾರದೆಂದು ಒಲೆ ಆರಿಸಿ, ಬಳೆ ಸದ್ದಾಗಬಾರದೆಂದು ಮಹಾದೇವಿ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಬಹಳ ಹೊತ್ತು ಇಂಗ್ಲಿಷಿನಲ್ಲಿ ನಡೆಯಿತು. ಅರ್ಥವಾದಷ್ಟನ್ನು ನಾನು ಪಿಸುಮಾತಿನಲ್ಲಿ ಹೇಳುತ್ತಿದ್ದೆ, ಅರ್ಥವಾಗದ್ದಕ್ಕೆ ಚೆನ್ನಾಗಿ ಹೇಳುತ್ತಿದ್ದಾಳೆ ಎನ್ನುತ್ತಿದ್ದೆ. ಆಮೇಲೆ ಒಬ್ಬ ಮೇಡಂ ಕನ್ನಡಕ್ಕೆ ಬಂದರು. ಆ ಹಿರಿಯ ಹೆಂಗಸು ಬಂದು ಉಣಿಸಿದಾಗ ನೀವು ಯಾಕೆ ತಡೆಯಲಿಲ್ಲ ಎಂದು ಕೇಳಿದರು. ನನ್ನ ಎದೆ ಬಡಿದುಕೊಂಡ ಸದ್ದು ಅವರಿಗೆ ಕೇಳಿಸೀತೆಂದು ನಾನು ಹಿಂದೆ ಸರಿದೆ. ಅಕ್ಷತಾಳೂ ಇಂಗ್ಲಿಷ್ ಬಿಟ್ಟಳು, ಪುಸ್ತಕದ ಕನ್ನಡವನ್ನೂ ಬಿಟ್ಟಳು.

"ತಡದ್ರ ಅವರು ಸಿಟ್ಟಾಗಿ ಮನಿಗೇ ಬರಂಗಿಲ್ರಿ ಮೇಡಂ. ನಮ್ಮ ಮಾವಾರಿಗೆ ರೊಟ್ಟೀನೂ ಬೇಕು, ಅಕ್ಕಾನೂ ಬೇಕು."

ಹಾಗಾದರೆ ಮುಂದಿನ ಸಲ ಏನು ಮಾಡುತ್ತೀರಿ ಎಂದು ಅವರು ಬಿಡದೆ ಕೇಳಿದರು. ಅವರ ಕೈಗೂ ಒಂದು ಕೆಲಸ ಕೊಡುತ್ತೇನೆ, ಬೆಳ್ಳುಳ್ಳಿ ಕೊಟ್ಟು ಸುಲಿಯಲು ಪಕ್ಕದಲ್ಲೇ ಕೂರಿಸುತ್ತೇನೆ, ಖಾಲಿ ಕೈ ನಮ್ಮ ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ ಎಂದಳು. ಆ ಕಡೆ ಯಾರೋ ನಕ್ಕರು. ಒಬ್ಬರಲ್ಲ, ಇಬ್ಬರು ನಕ್ಕದ್ದನ್ನು ನಾನು ಕೇಳಿದೆ. ನಗು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಮಹಾದೇವಿ ಕೇಳಿದಳು. ಕೋರ್ಟಿನಲ್ಲಿ ಯಾರು ನಕ್ಕದ್ದನ್ನೂ ನಾನು ಬರೆದುಕೊಂಡವನಲ್ಲ, ಆದ್ದರಿಂದ ನನಗೂ ತಿಳಿಯಲಿಲ್ಲ.

ಕೆಲವು ದಿನಗಳ ನಂತರ ಒಣಗಿದ ಬಟ್ಟೆ ಮಡಚುತ್ತಿದ್ದ ಅಕ್ಷತಾ ಫೋನು ನೋಡಿ, ಬಟ್ಟೆಯ ರಾಶಿಯ ಮೇಲೆಯೇ ಕೂತುಬಿಟ್ಟಳು. "ಸೀಟ ಬಂತ್ರಿ ಮಾವಾರ" ಎಂದಳು. ಎದೆಯ ಮೇಲಿದ್ದ ಬೀಸುಕಲ್ಲೊಂದನ್ನು ಯಾರೋ ಎತ್ತಿಟ್ಟಂತಾಯಿತು. ಮಹಾದೇವಿ ಸಕ್ಕರೆ ತಂದು ಮೊದಲು ಸೊಸೆಯ ಬಾಯಿಗೆ ಹಾಕಿದಳು, ನನ್ನ ಪಾಲನ್ನು ಅಂಗೈಗೆ ಹಾಕಿದಳು. ಬೀಳಗಿಯ ಬೀಗರು ಮತ್ತೆ ಫೋನು ಮಾಡಿದರು, ಈ ಸಲ ನಾನು ಏನನ್ನೂ ವಿವರಿಸಲು ಹೋಗಲಿಲ್ಲ. ಗಂಗಕ್ಕನಿಗೆ ಮಾತ್ರ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ತಾನು ಹೊತ್ತಿಗೆ ಸರಿಯಾಗಿ ಬಂದು ಕೂತಿದ್ದರಿಂದಲೇ ಆ ವಿಡಿಯೋಕ್ಕೆ ಜೀವ ಬಂತೆಂದು ಅವಳು ಮುಧೋಳದ ತುಂಬ ಹೇಳಿದ್ದಾಳೆ. ವಿಚಾರ ಮಾಡಿದರೆ ಅದು ಸುಳ್ಳಲ್ಲ.

ಹೊರಡುವ ದಿನ ಅವಳನ್ನು ಬಿಡಲು ನಾವೆಲ್ಲ ಜಮಖಂಡಿಯ ಬಸ್ ನಿಲ್ದಾಣಕ್ಕೆ ಹೋದೆವು. ಬಸವರಾಜ ಅವಳ ಜೊತೆ ಹೋಗಿ ಬಿಟ್ಟು ಬರುವವನಿದ್ದ. ಆದರೂ ನಾನು ಕಂಡಕ್ಟರನ್ನು ಕರೆದು, ನಮ್ಮ ಹುಡುಗಿ ಓದಲು ಹೊರಟಿದ್ದಾಳೆ, ಎಚ್ಚರದಿಂದ ಇಳಿಸಬೇಕು ಎಂದು ಹೇಳಿದೆ. ಕಿಟಕಿಯ ಗಾಜು ಸರಿಯುತ್ತದೋ ಇಲ್ಲವೋ ಎಂದು ಹತ್ತಿ ಸರಿಸಿ ನೋಡಿ ಬಂದೆ. ನೀರಿನ ಬಾಟಲಿ ಕೊಂಡೆ, ಮುಚ್ಚಳ ಬಿಗಿಯಾಗಿತ್ತೆಂದು ತೆರೆದು, ಮತ್ತೆ ಸಡಿಲಾಗಿ ಮುಚ್ಚಿ ಕೊಟ್ಟೆ. ಬಾಳೆಹಣ್ಣು ಕೊಂಡೆ. ಬಸ್ಸು ಇನ್ನೇನು ಹೊರಡಬೇಕು, ಹಾದಿಯಲ್ಲಿ ಹಸಿವಾದೀತೆಂದು ಒಂದು ಹಣ್ಣನ್ನು ಬಲಗೈಯಿಂದಲೇ ಅಚ್ಚುಕಟ್ಟಾಗಿ ಸುಲಿದು ಕಿಟಕಿಯೊಳಗೆ ಚಾಚಿದೆ. ಅಕ್ಷತಾ ಹಣ್ಣನ್ನು ನೋಡಿದಳು, ನನ್ನನ್ನು ನೋಡಿದಳು.

"ಮಾವಾರ, ಬಾಳಿಹಣ್ಣ ನಾನ ಸುಲಕೊಂತೇನ್ರಿ."

ಬಸ್ಸು ಹೊರಟಿತು. ಅವಳು ಕಾಣುವವರೆಗೂ ಕೈ ಬೀಸಿದಳು. ನಾನು ಬೀಸಲಿಲ್ಲ, ಬೀಸುವ ಕೈಯಲ್ಲಿ ಸುಲಿದ ಹಣ್ಣಿತ್ತು. ಅದನ್ನು ಮತ್ತೆ ಸಿಪ್ಪೆಗೆ ಹಾಕಲು ಬರುವುದಿಲ್ಲ. ಅಲ್ಲಿಯೇ ನಿಂತು ನಾನೇ ತಿಂದೆ.